ಒಂದು ಚೀಟಿ, ಎರಡು ಗುಳಿಗೆ

ದೇಹಕ್ಕೆ ಬರುವ ಜಡ್ಡಿಗೆ ಹೆಸರಿದೆ, ಗುರುತಿದೆ. ಮುಟ್ಟಿ ನೋಡಿದರೆ ಕಾವೂ ತಿಳಿಯುತ್ತದೆ. ಮನಸ್ಸಿಗೆ ಬರುವ ಜಡ್ಡಿಗೆ ಇವಾವುವೂ ಇಲ್ಲ. ಆದುದರಿಂದಲೇ ಅದು ಪರವೇಷವನ್ನು ಧರಿಸಿ ದವಾಖಾನೆಯ ಬಾಗಿಲಿಗೆ ಬರುತ್ತದೆ. ಇಂಡಿಯ ಒಕ್ಕಲಿಗನಾದರೆ “ಸಾಹೇಬ್ರ, ಎದಿ ಡವಡವ ಅಂತೈತ್ರಿ” ಎಂದಾನು. ಸಿಂದಗಿಯ ಗೃಹಿಣಿಯಾದರೆ “ರಾತ್ರಿ ಪೂರಾ ಕಣ್ಣಿಗೆ ಕಣ್ಣು ಹತ್ತಂಗಿಲ್ರಿ” ಎಂದಾಳು. ಮುದ್ದೇಬಿಹಾಳದ ನಿವೃತ್ತ ಮಾಸ್ತರರು “ಯಾವುದರಾಗೂ ಮನಸ್ಸಿಲ್ಲ” ಎಂದು ನಿಡುಸುಯ್ದಾರು. ಬಸವನ ಬಾಗೇವಾಡಿಯ ಕಾಲೇಜು ತರುಣ ಪರೀಕ್ಷೆಯ ಹೆಸರೆತ್ತದೆ ಹೊಟ್ಟೆ ತೊಳಸುವ ಮಾತನ್ನಷ್ಟೇ ಆಡಿಯಾನು. ಅನುಭವಿಯಾದ ವೈದ್ಯರಿಗೆ ಈ ವೇಷಗಳ ಹಿಂದೆ ಅಡಗಿರುವ ಇಬ್ಬರ ಗುರುತು ಸಿಕ್ಕದೆ ಇರಲಾರದು. ಒಬ್ಬನ ಹೆಸರು ಖಿನ್ನತೆ. ಇನ್ನೊಬ್ಬನ ಹೆಸರು ಆತಂಕ. ಅನೇಕ ವೇಳೆ ಇಬ್ಬರೂ ಒಂದೇ ಮನೆಯನ್ನು ಹೊಕ್ಕಿರುತ್ತಾರೆ. ಆಗ ವೈದ್ಯರು ಒಂದೇ ಚೀಟಿಯಲ್ಲಿ ಎರಡು ಗುಳಿಗೆಗಳನ್ನು ಬರೆಯುತ್ತಾರೆ.

ಹೀಗೆ ಬರೆಯುವುದರಲ್ಲಿ ತಪ್ಪಿಲ್ಲ. ಜಗತ್ತಿನ ಅನೇಕ ದೇಶಗಳಲ್ಲಿ ನಡೆದುಬಂದಿರುವ ಚಿಕಿತ್ಸೆ ಇದು. ಆದರೆ ಈ ಎರಡು ಗುಳಿಗೆಗಳ ಸ್ವಭಾವ ಬೇರೆ, ವೇಗ ಬೇರೆ, ಆಯುಸ್ಸೂ ಬೇರೆ. ಈ ಭೇದವನ್ನು ತಿಳಿಯದ ಮನೆಗಳಲ್ಲಿ ಔಷಧವೇ ಹೊಸದೊಂದು ಸಂಕಟಕ್ಕೆ ಕಾರಣವಾದೀತು.

ನಿಧಾನಿ ಮತ್ತು ಅವಸರದವ

ಖಿನ್ನತೆಯ ಔಷಧ ಹುಟ್ಟಿದ ಕಥೆ ವಿಚಿತ್ರವಾದದ್ದು. ೧೯೫೨ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಮದ್ದನ್ನು ಕೊಟ್ಟು ನೋಡಲಾಯಿತು. ಹಾಸಿಗೆ ಹಿಡಿದು ಬಾಡಿದ್ದವರಲ್ಲಿ ಹಸಿವೂ ಉಲ್ಲಾಸವೂ ಕಾಣಿಸಿಕೊಂಡವು. ಪುಪ್ಪುಸದ ಮದ್ದು ಮನಸ್ಸನ್ನು ಮುಟ್ಟಿತ್ತು! ೧೯೫೭ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ಇಮಿಪ್ರಮೀನ್ ಎಂಬ ಔಷಧದ ಗುಣವನ್ನು ಪ್ರಕಟಿಸಿದರು. ಅಲ್ಲಿಂದ ಮೂವತ್ತು ವರ್ಷಗಳ ತರುವಾಯ, ೧೯೮೭ರಲ್ಲಿ, ಫ್ಲುಆಕ್ಸೆಟೀನ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ನಮ್ಮ ತಾಲ್ಲೂಕು ಊರುಗಳ ಅಂಗಡಿಗಳಲ್ಲಿಯೂ ದೊರೆಯುವ ಸರ್ಟ್ರಲೀನ್, ಎಸ್ಸಿಟಲೊಪ್ರಾಮ್ ಮುಂತಾದವು ಇದೇ ವಂಶಕ್ಕೆ ಸೇರಿದವು. ನರತಂತುಗಳ ನಡುವೆ ಸುದ್ದಿಯನ್ನು ಒಯ್ಯುವ ಸೆರೊಟೋನಿನ್ ಎಂಬ ದ್ರವ್ಯ ಬೇಗನೆ ಹೀರಿಹೋಗದಂತೆ ಇವು ತಡೆಯುತ್ತವೆ. ಆದರೆ ಮನಸ್ಸು ತಿಳಿಯಾಗಲು ಎರಡರಿಂದ ಆರು ವಾರಗಳು ಬೇಕಾಗುತ್ತವೆ. ಇದೇ ನಿಧಾನಿಯಾದ ಗುಳಿಗೆ.

ಆತಂಕದ ಗುಳಿಗೆಯ ಗತಿಯೇ ಬೇರೆ. ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋಗಿ ರೋಷ್ ಕಂಪನಿಯಲ್ಲಿ ದುಡಿಯುತ್ತಿದ್ದ ರಸಾಯನಶಾಸ್ತ್ರಜ್ಞ ಲಿಯೋ ಸ್ಟರ್ನ್‌ಬಾಕ್ ಅವರ ಶೋಧನೆಯಿಂದ ೧೯೬೦ರಲ್ಲಿ ಲಿಬ್ರಿಯಮ್, ೧೯೬೩ರಲ್ಲಿ ವೇಲಿಯಮ್ ಮಾರುಕಟ್ಟೆಗೆ ಬಂದವು. ವೇಲಿಯಮ್ಮಿನ ಶಾಸ್ತ್ರೀಯ ನಾಮವೇ ಡಯಾಜೆಪಾಮ್. ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್, ಲೊರಜೆಪಾಮ್ ಇದರ ದಾಯಾದಿಗಳು. ಮಿದುಳಿನಲ್ಲಿ ಸಹಜವಾಗಿಯೇ ಇರುವ ಶಾಂತಿಕಾರಕ ವ್ಯವಸ್ಥೆಯೊಂದರ ಕೈಯನ್ನು ಇವು ಬಲಪಡಿಸುತ್ತವೆ. ನುಂಗಿದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಎದೆಬಡಿತ ಇಳಿಯುತ್ತದೆ, ರೆಪ್ಪೆ ಭಾರವಾಗುತ್ತದೆ. ಇದೇ ಅವಸರದ ಗುಳಿಗೆ.

ಎರಡನ್ನೂ ಕೂಡಿಸುವುದೇಕೆ? ನಿಧಾನಿಯು ಕೆಲಸಕ್ಕೆ ತೊಡಗುವ ಮೊದಲ ದಿನಗಳಲ್ಲಿ ಕೆಲವರಿಗೆ ತಳಮಳ ಹೆಚ್ಚುವುದುಂಟು. ಕೈ ನಡುಗುವುದು, ನಿದ್ರೆ ಹಾರಿಹೋಗುವುದು, ಹೊಟ್ಟೆ ತೊಳಸುವುದು ಇತ್ಯಾದಿ. ಆ ಕೆಲವು ವಾರಗಳನ್ನು ದಾಟಿಸಲು ಅವಸರದವನನ್ನು ಜೊತೆಗೆ ಕಳುಹಿಸುತ್ತಾರೆ. ಹೊಳೆಯನ್ನು ದಾಟುವವರೆಗೆ ಹರಿಗೋಲು ಬೇಕು. ದಾಟಿದ ಮೇಲೂ ಅದನ್ನು ತಲೆಯ ಮೇಲೆ ಹೊತ್ತು ನಡೆಯುವವನನ್ನು ಯಾರೂ ಜಾಣನೆನ್ನುವುದಿಲ್ಲ. ೨೦೧೯ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯು ೧೦ ಅಧ್ಯಯನಗಳನ್ನೂ ೭೩೧ ರೋಗಿಗಳ ವೃತ್ತಾಂತವನ್ನೂ ಕೂಡಿಸಿ ನೋಡಿತು. ಮೊದಲ ನಾಲ್ಕು ವಾರಗಳಲ್ಲಿ ಜೋಡಿ ಔಷಧದವರ ಖಿನ್ನತೆ ಹೆಚ್ಚು ಇಳಿದಿತ್ತು. ಆ ಬಳಿಕ ಅಂತಹ ಹೆಚ್ಚುಗಾರಿಕೆ ಉಳಿಯಲಿಲ್ಲ. ಅಡ್ಡಪರಿಣಾಮಗಳನ್ನು ಕಂಡವರ ಸಂಖ್ಯೆ ಮಾತ್ರ ಜೋಡಿಯ ಕಡೆಗೇ ಅಧಿಕವಾಗಿತ್ತು. ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿಯು ೧೯೮೮ರಷ್ಟು ಹಿಂದೆಯೇ ಅವಸರದ ಗುಳಿಗೆಗಳನ್ನು ಎರಡರಿಂದ ನಾಲ್ಕು ವಾರಗಳಿಗೆ ಸೀಮಿತಗೊಳಿಸಬೇಕೆಂದು ವೈದ್ಯರಿಗೆ ತಿಳಿಸಿತ್ತು.

ಬಿಡಬಾರದ್ದನ್ನು ಬಿಟ್ಟು, ಬಿಡಬೇಕಾದುದನ್ನು ಹಿಡಿದು

ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ನಿಧಾನಿಯನ್ನು ಹತ್ತು ದಿನ ನುಂಗಿದ ರೋಗಿಗೆ ಗುಣವೇನೂ ತೋರುವುದಿಲ್ಲ; “ಇದರಿಂದ ಏನೂ ಆಗಲಿಲ್ಲ” ಎಂದು ಅದನ್ನು ಬದಿಗಿಡುತ್ತಾನೆ. ಅವಸರದ ಗುಳಿಗೆಯಾದರೋ ಅದೇ ರಾತ್ರಿ ನಿದ್ರೆ ತಂದಿತ್ತು. ಆದ್ದರಿಂದ “ಸಣ್ಣ ಗುಳಿಗಿ ಒಂದಿದ್ರ ಸಾಕು” ಎಂದು ಅದನ್ನೇ ನೆಚ್ಚುತ್ತಾನೆ. ಚೇತರಿಸಿಕೊಂಡ ಮೇಲೂ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ನಡೆಯಬೇಕಾದ ಔಷಧ ಹದಿನೈದು ದಿನಗಳಲ್ಲಿ ನಿಲ್ಲುತ್ತದೆ. ನಾಲ್ಕು ವಾರಗಳಲ್ಲಿ ನಿಲ್ಲಬೇಕಾದದ್ದು ವರ್ಷಗಟ್ಟಲೆ ನಡೆಯುತ್ತದೆ. ಹಳೆಯ ಚೀಟಿ ಮಡಿಕೆಯಲ್ಲಿ ಹರಿದುಹೋಗುವವರೆಗೂ ಅಂಗಡಿಗೆ ಹೋಗಿಬರುತ್ತದೆ.

ಅವಸರದ ಗುಳಿಗೆಗೆ ಶರೀರವು ಒಗ್ಗಿಕೊಳ್ಳುತ್ತದೆ. ನಿನ್ನೆ ಅರ್ಧಕ್ಕೆ ಬರುತ್ತಿದ್ದ ನಿದ್ರೆಗೆ ನಾಳೆ ಒಂದು ಬೇಕಾಗುತ್ತದೆ. ನಿಲ್ಲಿಸಿದರೆ ಹಿಂದಿನದಕ್ಕಿಂತಲೂ ಹೆಚ್ಚಿನ ಗಾಬರಿ, ಬೆವರು, ನಡುಕ. ದೀರ್ಘಕಾಲ ಸೇವಿಸಿದವರು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳವು ಬಂದು ಪ್ರಾಣಕ್ಕೆ ಎರವಾಗುವುದೂ ಉಂಟು. ೨೦೨೦ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ವರ್ಗದ ಎಲ್ಲ ಗುಳಿಗೆಗಳ ಮೇಲೂ ಚಟ, ಅವಲಂಬನೆ ಹಾಗೂ ನಿಲುಗಡೆಯ ಅಪಾಯಗಳ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಮುದ್ರಿಸಬೇಕೆಂದು ವಿಧಿಸಿತು. ನಿಧಾನಿಯನ್ನು ಒಮ್ಮೆಲೆ ಬಿಟ್ಟರೂ ತಲೆಸುತ್ತು, ಸಿಡುಕು, ತಲೆಯಲ್ಲಿ ವಿದ್ಯುತ್ತು ಹರಿದಂತಹ ಅನುಭವ ಆಗುವುದುಂಟು. ಆದುದರಿಂದ ಈ ಲೇಖನವನ್ನು ಓದಿ ಯಾರಾದರೂ ಹೆದರಿ ನಾಳೆಯೇ ಗುಳಿಗೆಯನ್ನು ಎಸೆದರೆ ಅದೂ ಅನರ್ಥವೇ. ಮದ್ದನ್ನು ಹಿಡಿಯುವಂತೆ ಬಿಡುವುದೂ ಒಂದು ವಿದ್ಯೆ. ವೈದ್ಯರ ಕಣ್ಣೆದುರಿನಲ್ಲಿ, ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ, ಇಷ್ಟಿಷ್ಟೇ ಇಳಿಸುತ್ತ ಬರಬೇಕು.

ಗಿರಣಿಯ ಸರದಿ

ಎರಡು ಔಷಧಗಳು ಒಂದೇ ಶರೀರದಲ್ಲಿ ಸೇರಿದಾಗ ಪರಸ್ಪರ ಏನು ಮಾಡುತ್ತವೆ? ಊರ ಹಿಟ್ಟಿನ ಗಿರಣಿಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಇಬ್ಬರು ಒಟ್ಟಿಗೆ ಜೋಳ ತಂದಾಗ ಮೊದಲಿನವನ ಚೀಲ ದೊಡ್ಡದಾಗಿದ್ದರೆ ಎರಡನೆಯವನ ಚೀಲ ಸಂಜೆಯವರೆಗೂ ಅಲ್ಲಿಯೇ ಬಿದ್ದಿರುತ್ತದೆ. ನುಂಗಿದ ಔಷಧವನ್ನು ಅರೆದು ಹೊರಗೆ ಕಳುಹಿಸುವ ಗಿರಣಿಯೇ ಯಕೃತ್ತು. ಫ್ಲುವೊಕ್ಸಮೀನ್ ಎಂಬ ಖಿನ್ನತೆಯ ಔಷಧ ಈ ಗಿರಣಿಯನ್ನು ಹಿಡಿದು ನಿಲ್ಲಿಸಿ, ಆಲ್‌ಪ್ರಜೊಲಾಮ್ ರಕ್ತದಲ್ಲಿ ಸುಮಾರು ಇಮ್ಮಡಿಯಾಗುವಂತೆ ಮಾಡುತ್ತದೆ. ಫ್ಲುಆಕ್ಸೆಟೀನ್ ಸಹ ಆಲ್‌ಪ್ರಜೊಲಾಮ್ ಹಾಗೂ ಡಯಾಜೆಪಾಮ್‌ಗಳನ್ನು ತಡೆದು ನಿಲ್ಲಿಸಬಲ್ಲದು. ಡಯಾಜೆಪಾಮ್ ಸ್ವತಃ ದೀರ್ಘಾಯು. ಅದೂ ಅದರಿಂದ ಹುಟ್ಟುವ ಮರಿದ್ರವ್ಯವೂ ದಿನಗಟ್ಟಲೆ ಮೈಯಲ್ಲಿ ಉಳಿಯುತ್ತವೆ. ಚೀಟಿಯಲ್ಲಿ ಒಂದೆಂದು ಬರೆದದ್ದು ಒಳಗೆ ಎರಡಾಗುವುದು ಹೀಗೆ. ಎಸ್ಸಿಟಲೊಪ್ರಾಮ್, ಸರ್ಟ್ರಲೀನ್‌ಗಳಿಂದ ಇಂತಹ ತಡೆ ಬಹುಮಟ್ಟಿಗೆ ಕಡಿಮೆ. ಯಾವ ನಿಧಾನಿಗೆ ಯಾವ ಅವಸರದವನು ಜೊತೆ ಎಂಬುದನ್ನು ವೈದ್ಯರು ಆರಿಸುವುದರಲ್ಲಿ ಇಷ್ಟೊಂದು ವಿಚಾರವಿರುತ್ತದೆ. ನೆರೆಮನೆಯವರ ಗುಳಿಗೆಯನ್ನು ಎರವಲು ತರುವವನಿಗೆ ಆ ವಿಚಾರವೆಲ್ಲಿಯದು?

ಜೋಡಿಯ ಮೊದಲ ಲಕ್ಷಣ ಮಂಪರು. ಬೆಳಗಿನ ಹೊತ್ತಿನಲ್ಲಿಯೂ ತಲೆ ಭಾರ, ಮಾತು ತೊದಲು, ಮರೆವು. ದ್ವಿಚಕ್ರ ವಾಹನವನ್ನೋ ಟ್ರ್ಯಾಕ್ಟರನ್ನೋ ನಡೆಸುವವನಿಗೆ, ಕಬ್ಬಿನ ಗಾಡಿಯ ಹಿಂದೆ ರಾತ್ರಿ ಪ್ರಯಾಣ ಮಾಡುವವನಿಗೆ, ಕಣ್ಣು ಕೈಗಳ ನಡುವಿನ ಒಂದು ಕ್ಷಣದ ವಿಳಂಬವೇ ಸಾಕು. ಮದ್ಯ ಸೇರಿದರಂತೂ ಉಸಿರಾಟವೇ ಮಂದವಾಗುತ್ತದೆ. ವೃದ್ಧರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಡುರಾತ್ರಿ ಎದ್ದು ಹೊರಗೆ ಹೋಗುವ ಅಜ್ಜಿ ಹೊಸ್ತಿಲು ಎಡವಿದರೆ ತೊಡೆಯ ಮೂಳೆ ಮುರಿಯುತ್ತದೆ. ಅದು ಮುರಿದ ಮೇಲೆ ಎಷ್ಟೋ ಮಂದಿ ವೃದ್ಧರು ಮೊದಲಿನಂತೆ ನಡೆದಾಡುವುದಿಲ್ಲ. ವೈದ್ಯ ಮಾರ್ಕ್ ಬಿಯರ್ಸ್ ಅವರು ೧೯೯೧ರಲ್ಲಿ ಆರಂಭಿಸಿದ, ವೃದ್ಧರಿಗೆ ತಕ್ಕುದಲ್ಲದ ಔಷಧಗಳ ಪಟ್ಟಿಯು ಅಮೆರಿಕದ ವೃದ್ಧಚಿಕಿತ್ಸಕರ ಸಂಘದ ಆಶ್ರಯದಲ್ಲಿ ಕಾಲಕಾಲಕ್ಕೆ ಪರಿಷ್ಕೃತವಾಗುತ್ತಿದೆ. ಮಿದುಳನ್ನು ಮುಟ್ಟುವ ಮೂರು ಔಷಧಗಳು ವೃದ್ಧರೊಬ್ಬರಲ್ಲಿ ಒಟ್ಟಿಗೆ ಸೇರಬಾರದೆಂಬುದು ಅದರ ಕಟ್ಟಳೆಗಳಲ್ಲೊಂದು.

ವಿಜಯಪುರ ಜಿಲ್ಲೆಯ ಬೇಸಿಗೆಯನ್ನು ಬಲ್ಲವರು ಇನ್ನೊಂದು ಮಾತನ್ನು ನೆನಪಿಡತಕ್ಕದ್ದು. ಮೇ ತಿಂಗಳಿನಲ್ಲಿ ೪೦ ಡಿಗ್ರಿಯನ್ನು ದಾಟುವ ಬಿಸಿಲು ಇಲ್ಲಿ ಅಪರೂಪವಲ್ಲ. ಇಮಿಪ್ರಮೀನ್, ಅಮಿಟ್ರಿಪ್ಟಿಲೀನ್ ಮೊದಲಾದ ಹಳೆಯ ಔಷಧಗಳು ಬೆವರನ್ನು ತಗ್ಗಿಸುತ್ತವೆ. ಬೆವರದ ಮೈ ತಣಿಯುವುದಿಲ್ಲ. ಹೊಸ ಔಷಧಗಳು, ವಿಶೇಷವಾಗಿ ಮೂತ್ರವನ್ನು ಹೆಚ್ಚಿಸುವ ರಕ್ತದೊತ್ತಡದ ಗುಳಿಗೆಯೊಡನೆ ಸೇರಿದಾಗ, ರಕ್ತದಲ್ಲಿನ ಸೋಡಿಯಮ್ಮನ್ನು ಇಳಿಸಬಲ್ಲವು. ಮೊದಲ ಕೆಲವು ವಾರಗಳಲ್ಲಿ ವೃದ್ಧರೊಬ್ಬರು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ “ವಯಸ್ಸಾಯಿತು” ಎಂದು ಸುಮ್ಮನಾಗದೆ ರಕ್ತ ಪರೀಕ್ಷೆ ಮಾಡಿಸುವುದು ಶ್ರೇಯಸ್ಕರ.

ಸಂಕೋಚದಿಂದ ಯಾರೂ ಹೇಳದ ತೊಂದರೆಯೂ ಒಂದಿದೆ. ನಿಧಾನಿಯ ಗುಳಿಗೆಗಳು ದಾಂಪತ್ಯಸುಖದಲ್ಲಿ ನಿರಾಸಕ್ತಿಯನ್ನು ತರುವುದುಂಟು. ಅನೇಕರು ಇದನ್ನು ವೈದ್ಯರಿಗೆ ತಿಳಿಸದೆ ಔಷಧವನ್ನೇ ಬಿಟ್ಟುಬಿಡುತ್ತಾರೆ. ಪ್ರಮಾಣವನ್ನೋ ಔಷಧವನ್ನೋ ಬದಲಿಸಿ ಪರಿಹರಿಸಬಹುದಾದ ತೊಂದರೆಗಾಗಿ ಇಡೀ ಚಿಕಿತ್ಸೆಯನ್ನೇ ಬಲಿಗೊಡುವುದು ವಿವೇಕವಲ್ಲ.

ಮೂರನೆಯ ಗುಳಿಗೆ

ಒಂಟಿಯಾಗಿ ನಿರುಪದ್ರವಿಯಾದದ್ದು ಜೊತೆಯಲ್ಲಿ ವಿಷವಾಗಬಹುದೆಂಬುದನ್ನು ವೈದ್ಯಶಾಸ್ತ್ರ ಕಲಿತದ್ದು ಕಷ್ಟದಿಂದ. ೧೯೬೩ರಲ್ಲಿ ಲಂಡನ್ನಿನ ತರುಣ ವೈದ್ಯ ಬ್ಯಾರಿ ಬ್ಲಾಕ್‌ವೆಲ್ ಅವರು, ಖಿನ್ನತೆಯ ಔಷಧವನ್ನು ಸೇವಿಸುತ್ತಿದ್ದವರು ಚೀಸ್ ತಿಂದರೆ ರಕ್ತದೊತ್ತಡ ಒಮ್ಮೆಲೆ ಏರುವುದನ್ನು ಬಯಲಿಗೆ ತಂದರು. ೧೯೮೪ರಲ್ಲಿ ನ್ಯೂಯಾರ್ಕಿನಲ್ಲಿ ಲಿಬಿ ಜಿಯಾನ್ ಎಂಬ ಹದಿನೆಂಟರ ಹರೆಯದ ವಿದ್ಯಾರ್ಥಿನಿ ಜ್ವರವೆಂದು ಆಸ್ಪತ್ರೆ ಸೇರಿದಳು. ಆಕೆ ಫೆನೆಲ್ಜೀನ್ ಎಂಬ ಖಿನ್ನತೆಯ ಔಷಧವನ್ನು ತೆಗೆದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಪೆಥಿಡೀನ್ ಚುಚ್ಚುಮದ್ದನ್ನು ಕೊಡಲಾಯಿತು. ಕೆಲವೇ ಗಂಟೆಗಳಲ್ಲಿ ಜ್ವರ ಮಿತಿಮೀರಿ ಏರಿ ಆಕೆ ತೀರಿಕೊಂಡಳು. ಈ ದುರಂತದ ಫಲವಾಗಿ ೧೯೮೯ರಲ್ಲಿ ನ್ಯೂಯಾರ್ಕ್ ರಾಜ್ಯ ತರುಣ ವೈದ್ಯರ ದುಡಿಮೆಯ ಅವಧಿಗೆ ಮಿತಿ ಹಾಕಿತು.

ನಮ್ಮ ಊರುಗಳಲ್ಲಿ ಈ ಮೂರನೆಯ ಗುಳಿಗೆ ಸೊಂಟನೋವಿನದಾಗಿರಬಹುದು. ಟ್ರಮಡಾಲ್ ಎಂಬ ನೋವುನಿವಾರಕವು ಖಿನ್ನತೆಯ ಔಷಧದೊಡನೆ ಸೇರಿ ಸೆರೊಟೋನಿನ್ನನ್ನು ಮಿತಿಮೀರಿ ಹೆಚ್ಚಿಸಬಲ್ಲದು. ಅವಸರದ ಗುಳಿಗೆಯೊಡನೆ ಸೇರಿ ಉಸಿರನ್ನು ಕುಗ್ಗಿಸಬಲ್ಲದು. ಆತಂಕಕ್ಕೆಂದೇ ಕೊಡುವ ಬಸ್ಪಿರೋನ್ ಸಹ ಸೆರೊಟೋನಿನ್ನನ್ನೇ ಮುಟ್ಟುವ ಔಷಧ. ಮೈ ನಡುಕ, ವಿಪರೀತ ಬೆವರು, ಭೇದಿ, ಚಡಪಡಿಕೆ, ಸ್ನಾಯುಗಳ ಬಿಗಿತ, ಏರುವ ಜ್ವರ—ಇವು ಒಟ್ಟಿಗೆ ಕಂಡರೆ ಮನೆಮದ್ದಿಗೆ ಸಮಯವಿಲ್ಲ. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನು ನಿಧಾನಿಯೊಡನೆ ದಿನವೂ ನುಂಗಿದರೆ ಜಠರದಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಮಂಡಿನೋವಿನ ವೈದ್ಯರಿಗೆ ಮನಸ್ಸಿನ ಗುಳಿಗೆಯ ವಿಷಯ ತಿಳಿಸದೆ ಬರುವವರು ಈ ಗಂಡಾಂತರವನ್ನು ತಾವೇ ತಂದುಕೊಳ್ಳುತ್ತಾರೆ.

ಇಪ್ಪತ್ತೈದರೊಳಗಿನ ಮಕ್ಕಳ ತಾಯಿತಂದೆಯರು ಮೊದಲ ವಾರಗಳಲ್ಲಿ ವಿಶೇಷವಾಗಿ ಕಣ್ಣಿಡಬೇಕು. ಔಷಧ ಆರಂಭವಾದಾಗ ಕೆಲವು ತರುಣರಲ್ಲಿ ಸಾವಿನ ಆಲೋಚನೆ ಹೆಚ್ಚುವುದೆಂದು ೨೦೦೪ರಿಂದಲೂ ಅಮೆರಿಕದಲ್ಲಿ ಔಷಧದ ಮೇಲೆಯೇ ಎಚ್ಚರಿಕೆ ಮುದ್ರಿತವಾಗುತ್ತಿದೆ. ಔಷಧ ಕೊಡದಿರುವುದು ಇದರ ಪರಿಹಾರವಲ್ಲ; ಮಗುವನ್ನು ಒಂಟಿಯಾಗಿ ಬಿಡದಿರುವುದು, ಗುಳಿಗೆಯ ಡಬ್ಬಿಯನ್ನು ಹಿರಿಯರು ತಮ್ಮ ಬಳಿ ಇಟ್ಟುಕೊಳ್ಳುವುದು, ವೈದ್ಯರನ್ನು ಬೇಗ ಬೇಗನೆ ಕಾಣುವುದು.

ಒಂದೇ ಗುಳಿಗೆಯೊಳಗೆ ಎರಡು

ನಮ್ಮ ದೇಶದ ವಿಶೇಷವೊಂದಿದೆ. ಎರಡೂ ಔಷಧಗಳನ್ನು ಬೆಸೆದು ಒಂದೇ ಗುಳಿಗೆಯಾಗಿ ಮಾರುವ ಪದ್ಧತಿ ಇಲ್ಲಿ ಬಳಕೆಯಲ್ಲಿದೆ. ಎಸ್ಸಿಟಲೊಪ್ರಾಮ್ ಮತ್ತು ಕ್ಲೊನಜೆಪಾಮ್‌ಗಳ ಬೆಸುಗೆ ಇದಕ್ಕೆ ಉದಾಹರಣೆ. ನುಂಗಲು ಸುಲಭ, ನೆನಪಿಡಲು ಸುಲಭ. ಆದರೆ ಅವಸರದವನನ್ನು ಮಾತ್ರ ಬಿಡಿಸಬೇಕಾದಾಗ ಏನು ಮಾಡುವುದು? ಗುಳಿಗೆಯನ್ನು ಮುರಿದರೆ ಎರಡೂ ಮುರಿಯುತ್ತವೆ. ತಾನು ಎರಡು ಔಷಧಗಳನ್ನು ಸೇವಿಸುತ್ತಿರುವೆನೆಂಬ ಸಂಗತಿಯೇ ರೋಗಿಗೆ ಗೊತ್ತಿರುವುದಿಲ್ಲ.

ಇಂತಹ ಬೆಸುಗೆಯೊಂದರ ಪ್ರಕರಣ ಸಂಸತ್ತಿನವರೆಗೂ ಹೋಯಿತು. ಖಿನ್ನತೆಯ ಔಷಧವಾದ ಮೆಲಿಟ್ರಸೆನ್ ಹಾಗೂ ಆತಂಕವನ್ನು ತಗ್ಗಿಸಲೆಂದು ಸಣ್ಣ ಪ್ರಮಾಣದಲ್ಲಿ ಸೇರಿಸಿದ ಫ್ಲುಪೆಂಟಿಕ್ಸಾಲ್ ಎಂಬಿವುಗಳ ಜೋಡಿಗುಳಿಗೆಗೆ ೧೯೯೮ರಲ್ಲಿ ಇಲ್ಲಿ ಅನುಮತಿ ದೊರೆತಿತ್ತು. ಅದು ಹುಟ್ಟಿದ ಡೆನ್ಮಾರ್ಕಿನಲ್ಲಿಯೇ ಅದಕ್ಕೆ ಮಾರಾಟದ ಅನುಮತಿ ಇರಲಿಲ್ಲವೆಂಬುದನ್ನು ಆರೋಗ್ಯ ವಿಷಯಕ ಸಂಸದೀಯ ಸ್ಥಾಯಿ ಸಮಿತಿಯು ೨೦೧೨ರ ಮೇ ತಿಂಗಳಿನ ತನ್ನ ೫೯ನೆಯ ವರದಿಯಲ್ಲಿ ಎತ್ತಿ ತೋರಿಸಿತು. ೨೦೧೩ರ ಜೂನ್ ೧೮ರಂದು ಕೇಂದ್ರ ಸರ್ಕಾರವು ಅದರ ತಯಾರಿಕೆ ಮತ್ತು ಮಾರಾಟವನ್ನು ತಡೆಹಿಡಿಯಿತು. ಒಂದು ಗುಳಿಗೆಯೊಳಗೆ ಏನೇನಿದೆಯೆಂದು ವಿಚಾರಿಸುವುದು ಸಂಸತ್ ಸದಸ್ಯರ ಕೆಲಸ ಮಾತ್ರವಲ್ಲ; ಅದನ್ನು ನುಂಗುವವನ ಹಕ್ಕೂ ಹೌದು.

ನಾಲ್ಕು ಊರುಗಳ ಮಾತು

ಇಂಡಿ, ಸಿಂದಗಿಗಳ ಎಲ್ಲೆಯಲ್ಲಿ ಭೀಮೆ, ಮುದ್ದೇಬಿಹಾಳ, ಬಾಗೇವಾಡಿಗಳ ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ನದಿಗಳಿಗೆ ಬರವಿಲ್ಲದಿದ್ದರೂ ಮಳೆಯನ್ನು ನಂಬಿದ ಹೊಲಗಳಿಗೆ ಬರ ಹೊಸದಲ್ಲ. ಸಾಲ, ಬೆಳೆಯ ಬೆಲೆ, ಮಕ್ಕಳ ವಿದ್ಯೆ, ದುಡಿಯಲು ದೂರದೂರಿಗೆ ಹೋದವರ ಚಿಂತೆ—ಇವು ಮನಸ್ಸನ್ನು ತಿನ್ನಲು ಸಾಕು. ಈ ಊರುಗಳಿಂದ ವಿಜಯಪುರಕ್ಕೆ ಸುಮಾರು ೪೦ರಿಂದ ೮೦ ಕಿಲೋಮೀಟರ್. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಹೋಗಿಬರುವುದಕ್ಕಿಂತ ಹಳೆಯ ಚೀಟಿಯನ್ನೇ ಅಂಗಡಿಗೆ ಒಯ್ಯುವುದು ಅಗ್ಗವೆನಿಸುತ್ತದೆ. ಮೇಲಾಗಿ ನಾಚಿಕೆ ಬೇರೆ. ಮುಂಬಯಿ ಆಡಳಿತದ ಕಾಲದಿಂದಲೂ ಈ ಭಾಗದವರಿಗೆ ಮನೋರೋಗದ ಆಸ್ಪತ್ರೆಯೆಂದರೆ ಧಾರವಾಡ. “ಇಂವನ್ನ ಧಾರವಾಡಕ್ಕ ಕಳಸ್ರಿ” ಎಂಬ ಹಾಸ್ಯವು ಎಷ್ಟು ಮಂದಿಯ ಬಾಯಿ ಕಟ್ಟಿಸಿದೆಯೋ! ೨೦೧೫–೧೬ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಬೇರೆ ಬೇರೆ ಮನೋವ್ಯಾಧಿಗಳಲ್ಲಿ ನೂರಕ್ಕೆ ೭೦ರಿಂದ ೯೨ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ಕಂಡಿತು.

ಆದರೂ ದಾರಿಯಿಲ್ಲವೆನ್ನುವಂತಿಲ್ಲ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ವೈದ್ಯರೂ ಕೊಡಬಲ್ಲರೆಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ; ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ತೊಡಗಿದ ಪ್ರಯೋಗವು ೧೯೯೬ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೧೪ರಲ್ಲಿ ರಾಜ್ಯವು ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡುವ ಯೋಜನೆಯನ್ನು ಆರಂಭಿಸಿತು. ೨೦೨೨ರ ಅಕ್ಟೋಬರ್ ೧೦ರಿಂದ ‘ಟೆಲಿ ಮಾನಸ್’ ಸಹಾಯವಾಣಿ ನಡೆಯುತ್ತಿದೆ. ೧೪೪೧೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾನೂನೂ ನೆರವಿಗಿದೆ. ೨೦೧೪ರ ಮಾರ್ಚ್ ೧ರಿಂದ ಜಾರಿಗೆ ಬಂದ ‘ಎಚ್-೧’ ಅನುಸೂಚಿಯಂತೆ ಆಲ್‌ಪ್ರಜೊಲಾಮ್, ಡಯಾಜೆಪಾಮ್, ಟ್ರಮಡಾಲ್ ಮೊದಲಾದವನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಚೀಟಿ ಕೇಳುವ ಅಂಗಡಿಯವನ ಮೇಲೆ ಸಿಟ್ಟಾಗುವ ಗಿರಾಕಿ, ತನ್ನನ್ನೇ ಕಾಯಲು ನಿಂತ ಕಾವಲುಗಾರನೊಡನೆ ಜಗಳ ತೆಗೆಯುತ್ತಾನೆ.

ಲೆಕ್ಕ ಇಡುವವರು

ಅಂಗಡಿಯವನ ಪುಸ್ತಕಕ್ಕಿಂತಲೂ ಮುಖ್ಯವಾದದ್ದು ಮನೆಯ ಪುಸ್ತಕ. ಹಾಲಿನವನ ಲೆಕ್ಕ, ಕಿರಾಣಿಯ ಲೆಕ್ಕ ಇಡುವ ಗೃಹಿಣಿಗೆ ಇನ್ನೊಂದು ಹಾಳೆ ಭಾರವಾಗದು. ಗುಳಿಗೆಯ ಹೆಸರೇನು, ಯಾವ ದಿನ ಆರಂಭವಾಯಿತು, ದಿನಕ್ಕೆಷ್ಟು, ಬೇರೆ ಯಾವ ಜಡ್ಡಿಗೆ ಯಾವ ಗುಳಿಗೆ ನಡೆಯುತ್ತಿದೆ ಎಂಬುದನ್ನು ಅದರಲ್ಲಿ ಬರೆದಿಡಬೇಕು. ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಮುಂದಿಡಬೇಕು. ಗರ್ಭಿಣಿಯರಾದರೆ ಇದನ್ನು ಮೊದಲ ಭೇಟಿಯಲ್ಲಿಯೇ ತೋರಿಸಬೇಕು. ಚೀಟಿ ಕೈಗೆ ಬಂದ ದಿನವೇ ಮೂರು ಪ್ರಶ್ನೆಗಳನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ: ಸಾಹೇಬರೆ, ಇವೆರಡರಲ್ಲಿ ನಿಧಾನದ್ದು ಯಾವುದು? ಬೇಗ ಬಿಡಬೇಕಾದದ್ದು ಯಾವುದು? ಬಿಡುವ ದಿನ ಬಂದಾಗ ಹೇಗೆ ಬಿಡಬೇಕು?

ವೈದ್ಯರು ರೋಗಿಯನ್ನು ಕಾಣುವುದು ತಿಂಗಳಿಗೆ ಕೆಲವು ನಿಮಿಷ. ಉಳಿದ ಹಗಲುರಾತ್ರಿಗಳಲ್ಲಿ ಅವನ ಮುಖ ನೋಡುವವರು ಮನೆಯವರೇ. ಆತ ಊಟದ ಎಲೆಯ ಮುಂದೆ ತೂಕಡಿಸಿದ್ದು, ಗೋಡೆ ಹಿಡಿದು ನಡೆದದ್ದು, ಇಂದು ಎರಡು ಮಾತು ಹೆಚ್ಚು ಆಡಿದ್ದು, ಬಹು ದಿನಗಳ ಮೇಲೆ ಹೊಲದ ಕಡೆಗೆ ಹೋದದ್ದು—ಇವೆಲ್ಲ ಯಾವ ಪರೀಕ್ಷಾಲಯದಲ್ಲಿಯೂ ತಿಳಿಯುವಂಥವಲ್ಲ. ಇವನ್ನು ಕಂಡು ನೆನಪಿಟ್ಟು ವೈದ್ಯರಿಗೆ ಹೇಳುವ ಒಬ್ಬರು ಮನೆಯಲ್ಲಿದ್ದರೆ ಒಂದೇ ಚೀಟಿಯ ಎರಡು ಗುಳಿಗೆಗಳು ತಮ್ಮ ತಮ್ಮ ಕೆಲಸವನ್ನು ಮುಗಿಸಿ, ತಮ್ಮ ತಮ್ಮ ಕಾಲಕ್ಕೆ ನಿರ್ಗಮಿಸುತ್ತವೆ.